ಜಿಲೇಬಿ ಮೀಸೆಯೂ ಕುರುಗೋಡಿನ ಕರಡಿಯೂ

ಕುರುಗೋಡಿನಲ್ಲಿ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ನಮ್ಮ ಬಸ್ಸು ಇದ್ದಿಲು ತುಂಬಿಸಿಕೊಳ್ಳುತ್ತ ನಿಂತಿದೆ. ಅಷ್ಟರಲ್ಲೇ ನಾನೊಂದು ಯುದ್ಧ ಗೆದ್ದುಬಂದೆ.

ಬಸ್ಸಿನ ಪಕ್ಕದಲ್ಲೇ ಮಂದಿ ಸೇರಿಸಿದ್ದ, ಕರಡಿ ಆಡಿಸುವ ಖಾಸೀಂ ಚರ್ಮದ ಬಾಯಿಪಟ್ಟಿ ತೋರಿಸಿದೊಡನೆ ಕರಡಿ ತಾನಾಗಿಯೇ ಮೂತಿ ಚಾಚಿ ಕಟ್ಟಿಸಿಕೊಂಡಿತು. ಇಂಥದ್ದನ್ನು ನಾನೆಲ್ಲೂ ಕಂಡಿರಲಿಲ್ಲ.

ಮಿಠಾಯಿ ಅಂಗಡಿಯಿಂದ ಎದ್ದುಬಂದ ಪೊಲೀಸ್ ಜಮಾದಾರನಿಗೆ ಮಾತ್ರ ಅದರ ಹಲ್ಲು ನೋಡುವ ಹಟ. "ಲೇ, ಪಟ್ಟಿ ಬಿಚ್ಚು! ಇಲ್ಲಂದ್ರ ಊರು ಬಿಡು."

"ಮಂದಿ ಮೈಮ್ಯಾಲೆ ನಿಂತಾರ್ರಿ ಸಾಹೇಬ್ರ. ಯಾರಿಗಾರ ಕಚ್ಚಿದ್ರ ಇದನ್ನ ಹೊಡದು ಸಾಯಸ್ತಾರ" ಎಂದು ಖಾಸೀಂ ಕೈಮುಗಿದ.

ಇಂಥ ಗಂಟು ಬಿಡಿಸಲು ನನ್ನಂಥ ಮುದುಕನೇ ಬೇಕು. ಜಮಾದಾರನ ಕಿವಿಯಲ್ಲಿ ಹೇಳಿದೆ: "ಬಿಚ್ಚಸ್ರಿ, ತಪ್ಪೇನೈತಿ? ಆದ್ರ ನಿಮ್ಮ ಮೀಸಿಗೆ ಜಿಲೇಬಿ ಪಾಕ ಹತ್ತೈತಿ. ಕರಡಿಗೆ ಸಿಹಿ ಅಂದ್ರ ಪ್ರಾಣ. ಮೀಸಿ ನೆಕ್ಕಾಕ ಬಂದ್ರ ತುಟಿ ಉಳಸತೈತೋ ಇಲ್ಲೋ, ನಾ ಹೇಳಲಾರೆ."

ಅವನು ಮೀಸೆ ಮುಟ್ಟಿಕೊಂಡ, ಬೆರಳು ಅಂಟಿತು. ಅದೇ ಹೊತ್ತಿಗೆ ಕರಡಿ ಗಾಳಿ ಮೂಸುತ್ತ ಅವನತ್ತ ತಿರುಗಿತು. ನನ್ನ ಅದೃಷ್ಟ ನೋಡಿ!

"ಲೇ, ಪಟ್ಟಿ ಬಿಗಿ ಮಾಡು!" ಎಂದು ಕೂಗುತ್ತ ಜಮಾದಾರ ನಮ್ಮ ಬಸ್ಸು ಹತ್ತಿದ. ಅವನ ಓಟ ಕಂಡು ಮಂದಿಯೂ ಮಾರುದೂರ ಸರಿದರು. ಖಾಸೀಂ ನಗುತ್ತ ಡಮರು ಬಾರಿಸಿದ, ಕರಡಿ ಕುಣಿಯಿತು.

ಈಗ ಜಮಾದಾರ ನನ್ನ ಸೀಟಿನಲ್ಲೇ ಕೂತು, ಕಿಟಕಿಯಿಂದ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಾನೆ.