ಭವ್ಯಳ ನಲವತ್ತೇಳು ಕಿಲೋ

ನನ್ನ ತೂಕ ತೊಂಬತ್ತೆರಡು ಕಿಲೋ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಏಕೆಂದರೆ ತೂಕದ ವಿಚಾರದಲ್ಲಿ ನಾನು ಬಹುಕಾಲ ಆಡಿದ ಉಡಾಫೆಯ ಮಾತುಗಳೆಲ್ಲ, ಯಾರೂ ಸುಲಭಕ್ಕೆ ತಳ್ಳಿ ಬೀಳಿಸಲಾಗದ ಮನುಷ್ಯನ ಮಾತುಗಳಾಗಿದ್ದವು.

ಅರಸೀಕೆರೆಯ ಕಾಲೇಜೊಂದರಲ್ಲಿ ನಾನು ಇತಿಹಾಸದ ಮೇಷ್ಟ್ರು. ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಲೋಕೇಶ್ ಹುಡುಗಿಯರ ಬಾಕ್ಸಿಂಗ್ ತಂಡ ಕಟ್ಟಿದಾಗ, ಕಾಗದಪತ್ರ ನೋಡಿಕೊಳ್ಳಲು ಒಬ್ಬ ಮ್ಯಾನೇಜರ್ ಬೇಕಾಯಿತು. ಪಾಠ ಕಡಿಮೆ ಇದ್ದ ನನ್ನ ಮೇಲೆ ಪ್ರಿನ್ಸಿಪಾಲರ ಕಣ್ಣು ಬಿತ್ತು. ಲೋಕೇಶ್ ನನ್ನ ಕೈಗೆ ತೂಕದ ವಿಭಾಗಗಳ ಪಟ್ಟಿ ಕೊಟ್ಟರು. ನಲವತ್ತೆಂಟು ಕಿಲೋದಿಂದ ಶುರುವಾಗಿ, ಎರಡು ಮೂರು ಕಿಲೋಗೆ ಒಂದೊಂದು ಮೆಟ್ಟಿಲಿನಂತೆ ಅದು ಏರುತ್ತಲೇ ಹೋಗಿತ್ತು. ಇದು ಆಟವೋ ರೆಡಿಮೇಡ್ ಬಟ್ಟೆ ಅಂಗಡಿಯೋ ಎಂದು ಕೇಳಿದೆ. ಎರಡು ಕಿಲೋ ನನಗೆ ಒಂದು ಮದುವೆ ಮನೆಯ ಊಟದ ಲೆಕ್ಕ. ಸಣ್ಣವರು, ದೊಡ್ಡವರು ಅಂತ ಎರಡೇ ವಿಭಾಗ ಸಾಲದೇ ಎಂದೆ. ಸಾಲದ್ದಕ್ಕೆ ಪಾಂಡಿತ್ಯವನ್ನೂ ಸೇರಿಸಿದೆ: ಬೇಲೂರಿನ ಗುಡಿಯ ಬಾಗಿಲಲ್ಲಿ ಸಳ ಮೃಗದ ಮೇಲೆ ಬಿದ್ದು ಹೊಡೆಯುತ್ತಿದ್ದಾನಲ್ಲ, ಅವನೇನು ಅದನ್ನು ತೂಕಕ್ಕೆ ಹತ್ತಿಸಿ ನೋಡಿದ್ದನೇ? ಲೋಕೇಶ್ ನಕ್ಕರು. ಗೆದ್ದ ಸಳನನ್ನು ಕೆತ್ತಿದರು, ಸೋತ ಸಳರು ಎಷ್ಟಿದ್ದರೋ ಯಾವ ಶಿಲ್ಪಿಗೂ ಗೊತ್ತಿಲ್ಲ ಸಾರ್ ಎಂದರು. ಮಾತು ಚೆನ್ನಾಗಿದೆ ಎನಿಸಿತೇ ಹೊರತು ತಲೆಗೆ ಹೋಗಲಿಲ್ಲ.

ತಂಡದಲ್ಲಿ ಭವ್ಯ ಎಂಬ ಹುಡುಗಿಯಿದ್ದಳು. ಗಂಡಸಿ ಎಂಬ ಊರಿನವಳು, ನಲವತ್ತೇಳು ಕಿಲೋ, ಅಂದರೆ ಪಟ್ಟಿಯ ಮೊದಲ ಮೆಟ್ಟಿಲು. ಅಪ್ಪ ನಂಜುಂಡಯ್ಯ ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಸುಲಿಯುವವರು. ರಜೆಯಲ್ಲಿ ಅವರ ಜೊತೆ ಕಾಯಿ ಸುಲಿದೂ ಸುಲಿದೂ ಅವಳ ಮೊಣಕೈ ಕೆಳಗಿನ ಭಾಗ ಹಗ್ಗ ಹೊಸೆದಂತಿತ್ತು. ಮಾತು ಕಡಿಮೆ. ಗ್ಲೌಸ್ ಹಾಕಿಕೊಂಡರೆ ಮಾತ್ರ ಮುಖದಲ್ಲಿ ನಗು.

ಬೇಲೂರಿನಲ್ಲಿ ಒಂದು ಪಂದ್ಯ ನಡೆಯಿತು. ಬಂದವರು ಕಡಿಮೆಯಾಗಿ ಭವ್ಯಳ ವಿಭಾಗದಲ್ಲಿ ಎದುರಾಳಿಯೇ ಇರಲಿಲ್ಲ. ಐವತ್ತೇಳು ಕಿಲೋದ ಹುಡುಗಿಯ ಜೊತೆ ಆಡಿಸೋಣವೇ, ಮ್ಯಾನೇಜರ್ ಸಹಿ ಹಾಕಿದರೆ ಸಾಕು ಎಂದರು ನಡೆಸುವವರು. ಲೋಕೇಶ್ ಇನ್ನೊಬ್ಬ ಹುಡುಗಿಯ ಕಾಲು ನೋಯುತ್ತಿದೆಯೆಂದು ಡಾಕ್ಟರ ಹತ್ತಿರ ಹೋಗಿದ್ದರು. ನಾನು ಸಹಿ ಹಾಕಿದೆ.

ಮೊದಲ ಸುತ್ತೇ ಮುಗಿಯಲಿಲ್ಲ. ಭವ್ಯ ಹೊಡೆದದ್ದು ಬಿತ್ತು, ಆದರೆ ಆ ಹುಡುಗಿ ಅಲುಗಲಿಲ್ಲ. ಅವಳು ಹೊಡೆದಾಗ ಭವ್ಯ ಎರಡು ಸಲ ನೆಲಕ್ಕೆ ಬಿದ್ದಳು. ತುಟಿ ಒಡೆಯಿತು. ರೆಫರಿ ಆಟ ನಿಲ್ಲಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು, ತುಟಿಗೆ ಕರ್ಚೀಫು ಒತ್ತಿಕೊಂಡು. ಹಳೇಬೀಡು ದಾಟಿದ ಮೇಲೆ ಮೆಲ್ಲಗೆ ಕೇಳಿದಳು: "ಸಾರ್, ನಾನು ಸೋತಿದ್ದು ಆಟದಲ್ಲಾ, ತಕ್ಕಡೀಲಾ?"

ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತಯಾರಿಸಿದ್ದರೂ ಇಂಥ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ. ಬಾಣಾವರದಲ್ಲಿ ಬಸ್ಸು ನಿಂತಾಗ ಇಳಿದು ಅವಳ ತುಟಿಗೆ ಒಂದಿಷ್ಟು ಐಸು ತಂದುಕೊಟ್ಟೆ.

ಆಮೇಲೆ ಅವಳು ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದಳು. ಮೂರು ವಾರ ಕಾದು, ಒಂದು ಭಾನುವಾರ ನಾನೇ ಗಂಡಸಿಗೆ ಹೋದೆ. ಮನೆಯ ಮುಂದೆ ಕಾಯಿ ಸುಲಿಯುತ್ತಿದ್ದ ನಂಜುಂಡಯ್ಯನವರು ಕೆಲಸ ನಿಲ್ಲಿಸಿ ಎಳನೀರು ಕೊಟ್ಟರು. ತಪ್ಪು ನನ್ನದು, ಸಹಿ ನನ್ನದು ಎಂದೆ. ಅವರು ಬೈಯಲಿಲ್ಲ. "ಸೋತಿದ್ದಕ್ಕೆ ನಂಗೇನೂ ಬೇಜಾರಿಲ್ಲ ಸಾರ್. ಸಮಜೋಡಿ ಕೈಲಿ ಸೋತಿದ್ರೆ, ನಾಳೆ ಮತ್ತೆ ಹೋಗವ್ವ ಅಂತ ನಾನೇ ಕಳುಸ್ತಿದ್ದೆ," ಎಂದರಷ್ಟೆ. ಬೈದಿದ್ದರೆ ವಾಸಿಯಿತ್ತು. ಇನ್ನು ಸಮಜೋಡಿಯಿಲ್ಲದೆ ಇವಳನ್ನು ಕಣಕ್ಕೆ ಹತ್ತಿಸುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿರಬೇಕು. ಸೋಮವಾರ ಭವ್ಯ ಎಲ್ಲರಿಗಿಂತ ಮೊದಲೇ ಮೈದಾನದಲ್ಲಿದ್ದಳು.

ಕೊಟ್ಟ ಮಾತಿನ ಪರೀಕ್ಷೆ ಬಂದದ್ದು ಅರಸೀಕೆರೆಯಲ್ಲೇ ನಡೆದ ಅಂತರಕಾಲೇಜು ಪಂದ್ಯದಲ್ಲಿ. ನಲವತ್ತೆಂಟರ ವಿಭಾಗಕ್ಕೆ ಇಬ್ಬರೇ ಬಂದಿದ್ದರು: ಭವ್ಯ, ಮತ್ತು ಹಿಂದಿನ ವರ್ಷ ಅದೇ ವಿಭಾಗ ಗೆದ್ದಿದ್ದ ಹಾಸನದ ಹುಡುಗಿ. ಇಬ್ಬರಿಗೋಸ್ಕರ ಬೇರೆ ವಿಭಾಗ, ಬೇರೆ ಪದಕ ಯಾಕೆ, ಮೇಲಿನದರ ಜೊತೆ ಸೇರಿಸೋಣ, ವಿಭಾಗಗಳು ಈಗಲೇ ಅತಿಯಾದವು ಎಂದು ಅಧಿಕಾರಿಗಳು ಕಾಗದ ಮುಂದಿಟ್ಟರು. ನನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಎಷ್ಟು ಪೆದ್ದಾಗಿ ಕೇಳಿಸುತ್ತದೆ ಎಂದು ಅವತ್ತು ತಿಳಿಯಿತು. ಸಹಿ ಹಾಕುವುದಿಲ್ಲ ಎಂದೆ. ಹಾಗಾದರೆ ನಿಮ್ಮ ಹುಡುಗಿಗೆ ಆಟವಿಲ್ಲ ಎಂದರು. ಒಬ್ಬಳಿಗೆ ಇಲ್ಲದಿದ್ದರೆ ನಮ್ಮ ಏಳೂ ಹುಡುಗಿಯರು ಆಡುವುದಿಲ್ಲ ಎಂದು ಮೇಜಿನ ಮುಂದೆ ಕುರ್ಚಿ ಎಳೆದು ಕೂತೆ. ತೊಂಬತ್ತೆರಡು ಕಿಲೋ ಕೂತರೆ ಎಬ್ಬಿಸುವುದು ಕಷ್ಟ. ಲೋಕೇಶ್ ನಿಯಮದ ಪುಸ್ತಕ ತೆರೆದು ಅವರ ಮುಂದೆ ಹಿಡಿದರು. ಹಾಸನದ ತಂಡದ ಮೇಡಂ ಕೂಡ, ನಮ್ಮವಳನ್ನೂ ಮೇಲಿನವರ ಜೊತೆ ಬಿಡುವುದಿಲ್ಲ ಎಂದು ನನ್ನ ಪಕ್ಕ ಬಂದು ನಿಂತರು. ಅರ್ಧ ಗಂಟೆಗೆ ಕಾಗದ ವಾಪಸು ಹೋಯಿತು.

ಆಟವೆಂದರೆ ಅದು. ಮೊದಲ ಸುತ್ತು ಹಾಸನದವಳದು, ಎರಡನೆಯದು ಯಾರದೋ ಹೇಳಲಾರೆ. ಈ ಸಲ ಭವ್ಯ ಹೊಡೆದರೆ ಎದುರಿನವಳು ಹಿಂದೆ ಸರಿಯುತ್ತಿದ್ದಳು, ಹೊಡೆಸಿಕೊಂಡರೂ ಭವ್ಯಳ ಕಾಲು ನೆಲದ ಮೇಲೇ ಇರುತ್ತಿತ್ತು. ಮೂರನೇ ಸುತ್ತಿನಲ್ಲಿ ಅವಳ ಬಲಗೈ ಒಂದರ ಹಿಂದೆ ಒಂದು ಮೂರು ಸಲ ಗುರಿ ಮುಟ್ಟಿತು. ನಾನು ಕುರ್ಚಿಯ ಮೇಲೆ ನಿಂತಿದ್ದೆನಂತೆ. ಕುರ್ಚಿಯ ಒಂದು ಕಾಲು ಅದಕ್ಕೆ ಸಾಕ್ಷಿಯಾಗಿ ಮುರಿದಿತ್ತು. ರೆಫರಿ ಭವ್ಯಳ ಕೈ ಎತ್ತಿದರು. ಸೋತ ಹುಡುಗಿ ಅವಳನ್ನು ತಬ್ಬಿಕೊಂಡಳು. ನನ್ನ ಕನ್ನಡಕ ಯಾಕೋ ಮಂಜಾಯಿತು.

ಇಬ್ಬರಲ್ಲಿ ಒಬ್ಬಳಿಗೆ ಚಿನ್ನವಂತೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅದು ನನ್ನೊಳಗೆ ಚುಚ್ಚಿಕೊಂಡೇ ಇತ್ತು. ಸಂಜೆ ಅವಳನ್ನು ಮನೆಗೆ ಬಿಡಲು ಹೋದಾಗ ನಂಜುಂಡಯ್ಯನವರು ಪದಕವನ್ನು ಅಂಗೈಯಲ್ಲಿಟ್ಟುಕೊಂಡು, ಎಷ್ಟು ಜನ ಬಂದಿದ್ದರು ಎಂದು ಕೇಳಿದರು. ಭವ್ಯ ನನ್ನ ಮುಖ ನೋಡಿದಳು. ಇಬ್ಬರೇ ಎಂದೆ, ಸ್ವಲ್ಪ ಸಂಕೋಚದಿಂದಲೇ.

ಅವರಿಗೆ ಸಂಕೋಚದ ಕಾರಣವೇ ತಿಳಿಯಲಿಲ್ಲ.

"ಹೊಡೆದಾಡಾಕೆ ಇಬ್ರು ಸಾಕಲ್ವಾ ಸಾರ್," ಎಂದರು. "ಮೂರನೆಯವ್ರು ಬರೋದು ಬಿಡ್ಸಾಕೆ."