ಇಪ್ಪತ್ನಾಲ್ಕು ವೋಲ್ಟಿನ ಮಂಚ

ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಮುಗಿಸಿ ಶಿಡ್ಲಘಟ್ಟದ ಮನೆಗೆ ಕರೆತಂದಾಗ, ಬಟನ್ ಒತ್ತಿದರೆ ಏಳುವ, ಇಳಿಯುವ ಮೋಟಾರು ಮಂಚವೊಂದನ್ನು ಚಿಂತಾಮಣಿಯ ಅಂಗಡಿಯಿಂದ ಬಾಡಿಗೆಗೆ ತಂದೆವು. ಅಂಗಡಿಯವನು ರಿಮೋಟನ್ನು ನನ್ನ ಕೈಗಿಟ್ಟು, "ಬರೀ ಇಪ್ಪತ್ನಾಲ್ಕು ವೋಲ್ಟಮ್ಮ. ಒದ್ದೆ ಕೈಯಲ್ಲಿ ಮುಟ್ಟಿ, ಏನೂ ಆಗಲ್ಲ" ಎಂದ. ಮನೆಮಂದಿಯೆಲ್ಲ ಆ ಸಂಖ್ಯೆಯನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡೆವು.

ಮಂಚದ ಪ್ಲಗ್ಗಿಗೆ ಮೂರು ಪಿನ್ನು, ನಮ್ಮ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡೇ ತೂತು. ನನ್ನ ಗಂಡ ಮೇಲಿನ ದಪ್ಪ ಪಿನ್ನನ್ನು ಗರಗಸದಲ್ಲಿ ಕೊಯ್ದು ಹಾಕಿದರು. "ಇದು ಸುಮ್ನೆ ಶೋಗೆ ಕೊಟ್ಟಿರ್ತಾರೆ" ಎಂದರು. ನಾನು ಪಕ್ಕದಲ್ಲೇ ಟಾರ್ಚು ಹಿಡಿದು ನಿಂತಿದ್ದೆ. ಆ ಜಾಣತನದಲ್ಲಿ ನನಗೂ ಪಾಲಿದೆ.

ವಾರ ಕಳೆಯುವಷ್ಟರಲ್ಲಿ ಅತ್ತೆ ಹೇಳತೊಡಗಿದರು: "ಬೆಳಗ್ಗೆ ಕಾಲು ನೆಲಕ್ಕಿಟ್ಟು ಮಂಚದ ಕಂಬಿ ಹಿಡ್ಕೊಂಡ್ರೆ ಕೈಯೆಲ್ಲ ಜುಮ್ ಅಂತದೆ ಕಣಮ್ಮ."

ನರಗಳು ಸೋತಿವೆ ಎಂದು ನಾನು ವಿಟಮಿನ್ ಮಾತ್ರೆ ಕೊಟ್ಟೆ. ಗಂಡ ಶುಗರ್ ಇರಬೇಕೆಂದು ರಕ್ತ ಪರೀಕ್ಷೆ ಮಾಡಿಸಿದರು, ಶುಗರ್ ಇರಲಿಲ್ಲ. ಪಕ್ಕದ ಮನೆಯಾಕೆ ಮುರುಗಮಲ್ಲದ ದರ್ಗಾದಿಂದ ತಾಯತ ತಂದು ಕಟ್ಟಿದರು. ತಾಯತ ಕಟ್ಟಿದ ಕೈಯೂ ಜುಮ್ಮೆಂದಿತು. ಮಂಚದ ಕಡೆ ಮಾತ್ರ ಯಾರೂ ಬೆರಳು ತೋರಿಸಲಿಲ್ಲ.

ಕೊನೆಗೆ ದಿಬ್ಬೂರಹಳ್ಳಿಯಿಂದ ಚಿಕ್ಕಮಾವ ಬಂದರು. ಅತ್ತೆಯ ಮೈದುನ; ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಪಾಠ ಶುರುಮಾಡಿದರು. "ಅತ್ತಿಗೆ, ಇಪ್ಪತ್ನಾಲ್ಕು ವೋಲ್ಟಲ್ಲಿ ಶಾಕ್ ಹೊಡೆಯಲ್ಲ. ಇದು ಸೈನ್ಸು. ನಿಮ್ಮ ಮನಸ್ಸಲ್ಲಿ ಭಯ ಕೂತಿದೆ, ಅಷ್ಟೇ."

ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. "ಮಂಚದ ಮ್ಯಾಲೆ ಕಾಲು ಚಾಚ್ಕೊಂಡು ಮುಟ್ಟಿದ್ರೆ ಏನೂ ಆಗಲ್ಲ ಕಣಪ್ಪ. ಇವಳು ನೆಲ ಒರೆಸಿ ಹೋದ್ಮೇಲೆ ಕಾಲಿಟ್ರೆ ಮಾತ್ರ ಹಂಗಾಗ್ತದೆ" ಎಂದರು. ಚಿಕ್ಕಮಾವ ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿ ನಕ್ಕರು.

"ಹಂಗಾದ್ರೆ ನೀನೇ ಹಿಡ್ಕೋ ಬಾ. ಈಗ ತಾನೇ ಒರೆಸವ್ಳೆ."

ಚಿಕ್ಕಮಾವ ಬರಿಗಾಲಲ್ಲಿ ಎದ್ದುಹೋಗಿ ಕಂಬಿ ಮುಟ್ಟಿದರು. ಮರುಕ್ಷಣವೇ "ಅಯ್ಯಮ್ಮಾ, ಚಚ್ಚಿಪೋತಿನಿ!" ಎಂದು, ಸತ್ತೇ ಹೋದೆನೆಂದು ತೆಲುಗಿನಲ್ಲಿ ಕಿರುಚಿ, ಹಿಂದಕ್ಕೆ ಜಿಗಿದು ನನ್ನ ಮೇಲೆ ಬಿದ್ದರು.

"ಈಗ ಭಯ ಯಾರ ಮನಸ್ಸಲ್ಲಿ ಕೂತದಪ್ಪ?" ಎಂದು ಅತ್ತೆ ಕೇಳಿದರು.

ನಾನು ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ವೈರ್‌ಮನ್ ಬಂದು ಮಂಚದ ಕೆಳಗೆ ತೂರಿದ. "ರಿಮೋಟಿಗೆ, ಮೋಟಾರಿಗೆ ಇಪ್ಪತ್ನಾಲ್ಕೇ, ನಿಜ. ಆದ್ರೆ ಗೋಡೆಯಿಂದ ವೋಲ್ಟ್ ಇಳಿಸೋ ಈ ಡಬ್ಬಿವರೆಗೂ ಬರೋದು ಇನ್ನೂರ ಮೂವತ್ತು" ಎಂದ. ಆ ವೈರು ಮಂಚದ ಕಾಲುಗಳ ಸಂದಿಗೆ ಸಿಕ್ಕಿ, ಮಂಚ ಇಳಿಸಿದಾಗಲೆಲ್ಲ ಜಜ್ಜಿಹೋಗಿ, ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಆಮೇಲೆ ಪ್ಲಗ್ಗನ್ನು ಎತ್ತಿ ನೋಡಿದ. "ಇದನ್ನ ಯಾವ ಪುಣ್ಯಾತ್ಮ ಕೊಯ್ದಿದ್ದು? ಈ ಪಿನ್ನಿದ್ದಿದ್ರೆ ಕರೆಂಟು ಅರ್ತಿಂಗ್ ವೈರಲ್ಲಿ ಭೂಮಿಗೆ ಹೋಗಿ ಫ್ಯೂಸ್ ಹಾರ್ತಿತ್ತು. ಇಲ್ದೇ ಇದ್ದಿದ್ದಕ್ಕೆ ಅಜ್ಜಿ ಮೈಮೇಲೆ ಹೋಗ್ತಾ ಇತ್ತು."

ಪುಣ್ಯಾತ್ಮರಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಯಿತು. ನಾನು ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿನೊಳಗೆ ತುರುಕಿದೆ. ದಿನಾ ಬೆಳಗ್ಗೆ ಅತ್ತೆ ಕಾಲಿಡುವ ಜಾಗವನ್ನು ಅಚ್ಚುಕಟ್ಟಾಗಿ ಒದ್ದೆ ಮಾಡಿಡುತ್ತಿದ್ದವಳು ನಾನೇ.

ಅಂಗಡಿಯವನು ಮರುದಿನ ಹೊಸ ವೈರು ತಂದ. ತಂದವನು ಸುಮ್ಮನಿರಲಿಲ್ಲ. "ಇದುವರೆಗೂ ಯಾರೂ ಕಂಪ್ಲೇಂಟ್ ಮಾಡಿಲ್ಲಮ್ಮ" ಎಂದ.

"ಈ ಮಂಚ ಹತ್ತಿದೋರು ಕಂಪ್ಲೇಂಟ್ ಮಾಡೋ ಸ್ಥಿತೀಲಿ ಇರ್ತಾರೇನಪ್ಪ?" ಎಂದರು ಅತ್ತೆ. ಅವನು ತಲೆ ತಗ್ಗಿಸಿ, ವೈರನ್ನು ಎಲ್ಲೂ ಸಿಕ್ಕದಂತೆ ಕ್ಲಿಪ್ಪು ಹಾಕಿ ಬಿಗಿದು ಹೋದ. ವೈರ್‌ಮನ್ ಗೋಡೆಗೇ ಮೂರು ಪಿನ್ನಿನ ಸಾಕೆಟ್ ಕೂರಿಸಿದ. ಅದಾದ ಮೇಲೆ ಎರಡು ತಿಂಗಳು, ದಿನಾ ಬೆಳಗ್ಗೆ ಪಿನ್ನು ಕೊಯ್ದ ಮಗನೇ ಟೆಸ್ಟರ್ ಇಟ್ಟು ತೋರಿಸದ ಹೊರತು ಅತ್ತೆ ಕಾಲು ಕೆಳಗಿಡಲಿಲ್ಲ.

ಮೊನ್ನೆ ಸಾದಲಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಚಿಕ್ಕಮಾವ, ಆ ಮಂಚದ ದೋಷವನ್ನು ತಾವು ಹೇಗೆ ಪತ್ತೆಹಚ್ಚಿದೆವೆಂದು ವಿವರಿಸುತ್ತಿದ್ದರು. ಎದುರಿಗೆ ಅತ್ತೆ ವಾಕರನ್ನು ಗೋಡೆಗೆ ಒರಗಿಸಿ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು.