ಕೇಳಿ ಹೇಳುತ್ತೇನೆ

ಗಲ್ಫಿನ ಕಚೇರಿಗಳಲ್ಲಿ ಅಧಿಕಾರವನ್ನು ಹಂಚುವವರು ರಜೆಗೆ ಹೊರಟವರು ಮಾತ್ರ. ಟಿಕೆಟ್ ಆಗಿ, ಸೂಟ್‌ಕೇಸ್ ತೂಗಿ, ಊರಿನವರಿಗೆ ಖರ್ಜೂರ ಕಟ್ಟಿಸಿ ಆದ ಮೇಲೆ ನೆನಪಾಗಿ ಒಂದು ಪತ್ರ ಟೈಪ್ ಮಾಡಿಸುತ್ತಾರೆ. ಅಬುಧಾಬಿಯ ಖಾಲಿದಿಯಾದಲ್ಲಿದ್ದ ನಮ್ಮ ಕಚೇರಿಯ ಕೆಲಸ ಹೊರದೇಶಗಳ ಜತೆ ದೂರಸಂಪರ್ಕ ಒಪ್ಪಂದಗಳನ್ನು ಕುದುರಿಸುವುದು. ನಮ್ಮ ಮ್ಯಾನೇಜರು ಧಾರವಾಡದ ಕಡೆಯವರು. ಹುಬ್ಬಳ್ಳಿಯಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಹೊರಟವರು, ತಮ್ಮ ಬದಲಿಗೆ ನಾನು ಸಹಿ ಹಾಕಬಹುದೆಂಬ ಪತ್ರವನ್ನು ಮೊಹರು ಸಮೇತ ನನ್ನ ಮೇಜಿನ ಮೇಲಿಟ್ಟರು.

"ಎಲ್ಲಾ ನಿನಗ ಬಿಟ್ಟೇನಿ ನೋಡಪಾ," ಎಂದರು. ಬಾಗಿಲ ತನಕ ಹೋದವರು ತಿರುಗಿ ನಿಂತರು. "ಆದ್ರ ನನ್ನ ಕೇಳಲಾರದ ಏನೂ ಮಾಡಬ್ಯಾಡ."

ಇಂಥ ಏಳೆಂಟು ಪತ್ರಗಳು ಆಗಲೇ ನನ್ನ ಡ್ರಾಯರಿನಲ್ಲಿದ್ದವು. ಒಂದರ ಬಲದ ಮೇಲೂ ನಾನು ಏನನ್ನೂ ಮಾಡಿರಲಿಲ್ಲ.

ಆ ವಾರವೇ ದ್ವೀಪದವರು ಬಂದರು. ದ್ವೀಪವೆಂದರೆ ನಕಾಶೆಯ ಮೇಲೆ ನೊಣ ಕೂತು ಎದ್ದುಹೋದಷ್ಟು ಗುರುತು. ಅದು ಸ್ವಂತ ದೇಶವೂ ಅಲ್ಲ, ಸಾವಿರಾರು ಮೈಲಿ ಆಚೆಯ ಒಂದು ದೊಡ್ಡ ದೇಶದ ಅಧೀನದ್ದು. ಹೊರಗಿನವರ ಜತೆ ಮಾತುಕತೆಯೆಲ್ಲ ಆ ದೊಡ್ಡ ದೇಶದ್ದೇ. ದೂರಸಂಪರ್ಕದ ಈ ಒಂದು ವಿಷಯಕ್ಕೆ ಮಾತ್ರ, ತಾನೇ ಮಾತಾಡಿ ಸಹಿ ಹಾಕುವ ಅಧಿಕಾರವನ್ನು ದ್ವೀಪಕ್ಕೆ ದಯಪಾಲಿಸಿದ್ದರು. ಬಂದಿದ್ದು ಒಬ್ಬರೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಜಿನಿಯರಾಗಿ ನಿವೃತ್ತರಾದ, ಅರವತ್ತರ ಆಸುಪಾಸಿನ ಮನುಷ್ಯ. ಅಧಿಕಾರಪತ್ರವನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಿದ್ದರು.

ಅದನ್ನು ಓದಿ ನಾನು ಒಳಗೊಳಗೇ ನಕ್ಕೆ. ಮೊದಲ ಸಾಲಿನಲ್ಲಿ ಕೊಟ್ಟದ್ದನ್ನು ಉಳಿದ ಎರಡು ಪುಟ ವಾಪಸು ಕಿತ್ತುಕೊಳ್ಳುತ್ತಿತ್ತು. ಕರಡನ್ನು ದೊಡ್ಡ ದೇಶಕ್ಕೆ ಕಳಿಸಬೇಕು, ಹತ್ತು ದಿನದೊಳಗೆ ಅಲ್ಲಿಂದ ಆಕ್ಷೇಪ ಬಾರದಿದ್ದರೆ ಮಾತ್ರ ಸಹಿ ಹಾಕಬಹುದು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಅವರೇ, ಪೂಜಾರಿಯೂ ಅವರೇ. ಇಂಥದ್ದೊಂದು ಕಾಗದ ಹಿಡಿದು ವಿಮಾನ ಹತ್ತಿದ ಮನುಷ್ಯನ ಮೇಲೆ ನನಗೆ ತಾತ್ಸಾರ ಹುಟ್ಟಿತು.

ಅದನ್ನು ತೋರಿಸಿಯೂ ಬಿಟ್ಟೆ. ಪತ್ರಕ್ಕೆ ಅಟೆಸ್ಟೇಷನ್ ಆಗಿಲ್ಲ, ದೊಡ್ಡ ದೇಶದ ರಾಯಭಾರ ಕಚೇರಿಯ ಮೊಹರು, ಅದರ ಮೇಲೆ ಇಲ್ಲಿಯ ವಿದೇಶಾಂಗ ಇಲಾಖೆಯ ಮೊಹರು ಬೇಕು ಎಂದೆ. ಅಟೆಸ್ಟೇಷನ್ ಇಲ್ಲದೆ ಗಲ್ಫಿನಲ್ಲಿ ಕಟ್ಟಿಕೊಂಡ ಹೆಂಡತಿಯೂ ಹೆಂಡತಿಯಲ್ಲ, ಹಾಗಾಗಿ ಯಾರೂ ನನ್ನನ್ನು ತಪ್ಪು ಎನ್ನುವಂತಿರಲಿಲ್ಲ. ಆದರೆ ಈ ಒಪ್ಪಂದಕ್ಕೆ ಅದು ಬೇಕಿರಲಿಲ್ಲ. ಅವರು ಬಿಸಿಲಲ್ಲಿ ಓಡಾಡುವುದನ್ನು ನೋಡುವ ಚಪಲ ನನಗೆ. ಎರಡು ದಿನ ಓಡಾಡಿ ಎರಡೂ ಮೊಹರು ಹಾಕಿಸಿಕೊಂಡು ಬಂದರು. ಮೊಹರು ಒತ್ತುವಾಗ ರಾಯಭಾರ ಕಚೇರಿಯ ಒಬ್ಬ ಅಧಿಕಾರಿ ಇದೇನೆಂದು ವಿಚಾರಿಸಿ, ಗುರುವಾರದ ಸಹಿಗೆ ತಾನೂ ಬಂದು ಕೂರುತ್ತೇನೆ ಎಂದನಂತೆ. ಅಲ್ಲಿಯವರೆಗೆ ಅವನಿಗೆ ಈ ದ್ವೀಪದ ನೆನಪೂ ಇರಲಿಲ್ಲ.

ಬುಧವಾರ ಮಧ್ಯಾಹ್ನ ಪಕ್ಕದ ಉಡುಪಿ ಹೋಟೆಲಿನಲ್ಲಿ ನೀರುದೋಸೆ ಹರಿಯುತ್ತಾ ಅವರು ತಮಗೆ ಬೇಕಾದದ್ದನ್ನು ಹೇಳಿದರು. ಒಪ್ಪಂದದ ಒಂಬತ್ತನೇ ಕಲಮು ಒಂದು ಉಳಿದರೆ ಸಾಕು, ಮಿಕ್ಕದ್ದೆಲ್ಲ ಹೋದರೂ ಚಿಂತೆಯಿಲ್ಲ. ದ್ವೀಪದ ಎಲ್ಲ ಕರೆಗಳೂ ಸಮುದ್ರದಡಿಯ ಒಂದೇ ಕೇಬಲಿನಲ್ಲಿ ದೊಡ್ಡ ದೇಶಕ್ಕೆ ಹೋಗಿ ಅಲ್ಲಿಂದ ಲೋಕಕ್ಕೆ ಹೋಗಬೇಕು. ಹಿಂದಿನ ಚಂಡಮಾರುತದಲ್ಲಿ ಆ ಕೇಬಲ್ ತುಂಡಾಗಿ ಆರು ದಿನ ದ್ವೀಪಕ್ಕೆ ಬಾಯಿಯೇ ಇರಲಿಲ್ಲ. ಇದ್ದ ಒಬ್ಬ ಡಾಕ್ಟರಿಗೆ ವಿಮಾನ ಕರೆಸಲಾಗಲಿಲ್ಲ, ಇಬ್ಬರು ಬಸುರಿಯರು ಸತ್ತರು. ಒಂಬತ್ತನೇ ಕಲಮಿನಲ್ಲಿದ್ದದ್ದು ಉಪಗ್ರಹದ ಮೂಲಕ ನೇರ ನಮ್ಮ ಕೇಂದ್ರಕ್ಕೆ ಒಂದು ಸಂಪರ್ಕ.

ಕಚೇರಿಗೆ ಮರಳಿದ ಮೇಲೆ ಅವರು ಕ್ಯಾಲೆಂಡರ್ ತೋರಿಸಿದರು. ಊರಿನಿಂದ ಹೊರಡುವ ಮೊದಲೇ ಕರಡನ್ನು ದೊಡ್ಡ ದೇಶಕ್ಕೆ ಕಳಿಸಿದ್ದರಿಂದ ಹತ್ತು ದಿನದ ಗಡುವು ಮಂಗಳವಾರವೇ ಮುಗಿದಿತ್ತು, ಆಕ್ಷೇಪ ಬಂದಿರಲಿಲ್ಲ. "ಇವತ್ತು ನನಗೆ ಅಧಿಕಾರವಿದೆ, ನಿಮಗೂ ಇದೆ. ನಾಳೆ ಆ ಅಧಿಕಾರಿ ಬರುತ್ತಾನೆ. ಈಗಲೇ ಸಹಿ ಹಾಕಿಬಿಡೋಣ," ಎಂದು ಪೆನ್ನಿನ ಮುಚ್ಚಳ ತೆಗೆದರು.

ಸಹಿ ಹಾಕಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ಕರಡು ನಾನೇ ತಿದ್ದಿದ್ದು, ನಮ್ಮ ಎಂಜಿನಿಯರುಗಳು ಒಪ್ಪಿದ್ದು, ಪತ್ರ ಕಣ್ಣೆದುರಿಗಿತ್ತು. "ಒಂದು ನಿಮಿಷ, ಕೇಳಿ ಹೇಳುತ್ತೇನೆ," ಎಂದು ಹುಬ್ಬಳ್ಳಿಗೆ ಫೋನ್ ಮಾಡಿದೆ.

ಹಿಂದಿನಿಂದ ಭಟ್ಟರ ಮಂತ್ರ ಕೇಳಿಸುತ್ತಿತ್ತು. "ನಾಳೆ ಅವರ ಸಾಹೇಬ್ರು ಬರ್ತಾರಲ್ಲ, ಅವರ ಮುಂದನ ಆಗ್ಲಿ ತಗೋ. ಇಲ್ಲದ ಉಸಾಬರಿ ನಿನಗ್ಯಾಕ?" ಎಂದರು ಮ್ಯಾನೇಜರು.

"ಪತ್ರ ಉಂಟಲ್ಲ ಸರ್. ನಾನೇ ಹಾಕ್ಲಿಕ್ಕೆ ಆಗ್ತದಲ್ಲ?"

"ಪತ್ರ ಇರೋದು ಆಡಿಟ್‌ನವ್ರಿಗೆ ತೋರಸಾಕ."

ನಾನು ಫೋನ್ ಇಟ್ಟದ್ದನ್ನು ನೋಡಿ ಅವರು ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ದೇಶ ಸ್ವತಂತ್ರವಾಗಿ ಬಹಳ ವರ್ಷವಾಯಿತಲ್ಲವೇ?" ಎಂದು ಕೇಳಿದರು. ಕುಹಕವೇನಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದಂತಿತ್ತು. ಹೌದು ಎಂದೆ.

ಗುರುವಾರ ಬಂದ ಅಧಿಕಾರಿಗೆ ಹೆಚ್ಚೆಂದರೆ ಮೂವತ್ತು. ಅರಬ್ಬೀ ಕಾಫಿ ಕಾವಾ ಕುಡಿಯುತ್ತಾ ಪುಟ ಮಗುಚಿದ. ಒಂಬತ್ತನೇ ಕಲಮಿಗೆ ಬಂದು, ಇದನ್ನು ನಮ್ಮವರು ಇನ್ನೂ ಪರಿಶೀಲಿಸಬೇಕು ಎಂದು ಪೆನ್ಸಿಲಿನಲ್ಲಿ ಅಡ್ಡ ಗೆರೆ ಎಳೆದ. ಆ ಗೆರೆ ಎಳೆಯಲು ಅವನು ಯಾರಿಗೂ ಫೋನ್ ಮಾಡಲಿಲ್ಲ. ಉಳಿದ ಕಲಮುಗಳಿಗೆ ನಾವಿಬ್ಬರೂ ಸಹಿ ಹಾಕಿ, ಕೈಕುಲುಕಿ ಫೋಟೋ ತೆಗೆಸಿಕೊಂಡೆವು. ಮ್ಯಾನೇಜರು ಊರಿಂದ ಧಾರವಾಡ ಪೇಡೆ ತಂದರು, ನಾನು ಎರಡು ತಿಂದೆ.

ಒಂದೂವರೆ ವರ್ಷದ ಮೇಲೆ ಕಚೇರಿಯೇ ದುಬೈಗೆ ಹೋಗಿ, ನಾನೂ ಹೆಂಡತಿಯೂ ಅಲ್ಲಿಯ ಕರಾಮದಲ್ಲಿದ್ದೆವು. ಒಂದು ಸಂಜೆ ಟಿ.ವಿ.ಯ ತಳದ ಸಾಲಿನಲ್ಲಿ ದ್ವೀಪದ ಹೆಸರು ಹಾದುಹೋಯಿತು. ಮತ್ತೆ ಚಂಡಮಾರುತ. ದ್ವೀಪದ ಆ ಎಂಜಿನಿಯರು ಅಂದು ಕೊಟ್ಟ ಕಾರ್ಡು ಹುಡುಕಿ ತೆಗೆದು ಫೋನ್ ಮಾಡಿದೆ. ದೊಡ್ಡ ದೇಶದ ಹೆಂಗಸೊಬ್ಬಳ ಧ್ವನಿ, ಈ ಮಾರ್ಗ ಸದ್ಯಕ್ಕೆ ಲಭ್ಯವಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿತು. ಮತ್ತೆ ಮಾಡಿದೆ.

"ಯಾರಿಗೆ ಅಷ್ಟು ಸಲ ಮಾಡೂದು?" ಎಂದಳು ಹೆಂಡತಿ.

ಐದು ದಿನ ಅದೇ ಧ್ವನಿ ಬಂತು. ಆರನೆಯ ದಿನ ನಾನು ಮಾಡುವುದನ್ನು ಬಿಟ್ಟೆ. ಆ ವಾರವೂ ಮ್ಯಾನೇಜರು ರಜೆಯಲ್ಲಿದ್ದರು, ಅವರ ಪತ್ರ ನನ್ನ ಬ್ಯಾಗಿನಲ್ಲಿತ್ತು.